ಶನಿವಾರದ ಹತ್ತು ನಿಮಿಷ

ನಾನು ಶಿರಾ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮೇಷ್ಟ್ರು. ನಮ್ಮಲ್ಲಿ ಬಹುಮಾನ ಅಂದರೆ ಆಗಸ್ಟ್ 15, ಜನವರಿ 26. ಬಾವುಟ ಹಾರಿಸಿ, ಭಾಷಣ ಮುಗಿದ ಮೇಲೆ ಹೆಸರು ಕರೆದು ಸ್ಟೀಲ್ ತಟ್ಟೆ, ಜಾಮೆಟ್ರಿ ಬಾಕ್ಸ್ ಕೊಡುತ್ತೇವೆ. ಒಂದು ಸಲ ನಾಲ್ಕು ವರ್ಷದ ಪಟ್ಟಿಗಳನ್ನು ಒಟ್ಟಿಗೆ ಇಟ್ಟು ನೋಡಿದೆ. ತರಗತಿಗೆ ಅವೇ ಮೂರು ಹೆಸರು. ಉಳಿದ ಮಕ್ಕಳು ವರ್ಷಗಟ್ಟಲೆ ಚಪ್ಪಾಳೆ ತಟ್ಟುತ್ತಲೇ ಕೂತಿದ್ದರು. ಅವತ್ತು ನನಗೆ ಊಟ ಸೇರಲಿಲ್ಲ.

ಶಾಲಾ ಮಕ್ಕಳ ಕಲೆ, ಪ್ರತಿಭೆಗೆ ಸರ್ಕಾರ ನಡೆಸುವ ಸ್ಪರ್ಧೆ, ಪ್ರತಿಭಾ ಕಾರಂಜಿ ಇದೆಯಲ್ಲ ಅನ್ನಬಹುದು. ನಿಜ. ಓದಿನಲ್ಲಿ ಹಿಂದಿದ್ದ ಹುಡುಗ ಕ್ಲೇ ಮಾಡೆಲಿಂಗ್‌ನಲ್ಲಿ ಎತ್ತು ಮಾಡಿ ಗೆದ್ದದ್ದನ್ನು ನಾನೇ ಕಂಡಿದ್ದೇನೆ. ಆದರೆ ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು), ತಾಲ್ಲೂಕು, ಜಿಲ್ಲೆ ಅಂತ ಹೋದಂತೆ ಅಲ್ಲೂ ಮಕ್ಕಳನ್ನು ಸೋಸುತ್ತಾ ಹೋಗಬೇಕು. ನಿನ್ನೆ ಬಾರದ್ದು ಇವತ್ತು ಬಂದ ಮಗುವಿಗೂ ಒಂದು ಜಾಗ ಬೇಕು ಅನ್ನಿಸಿತು.

ಶನಿವಾರ ಬೆಳಗಿನ ಶಾಲೆ. ಪ್ರಾರ್ಥನೆ, ಕವಾಯತು ಆದ ಮೇಲೆ ಹತ್ತು ನಿಮಿಷ ತೆಗೆದುಕೊಂಡೆ. ವಾರವಿಡೀ ಜೇಬಿನಲ್ಲಿ ಒಂದು ಪುಟ್ಟ ಪುಸ್ತಕ ಇರುತ್ತದೆ. ಕಂಡದ್ದನ್ನು ಆಗಲೇ ಬರೆದುಕೊಳ್ಳಬೇಕು, ಇಲ್ಲದಿದ್ದರೆ ಮರೆತೇ ಹೋಗುತ್ತದೆ. ಸುಮ್ನೆ ‘ಜಾಣೆ’ ಅಂತ ಬರೆಯುವುದಿಲ್ಲ. ‘ದಶಕ ಸಹಿತ ಕಳೆಯುವ ಲೆಕ್ಕ ಐದನ್ನೂ ತಾನೇ ಮಾಡಿದಳು’, ‘ಒತ್ತಕ್ಷರ ತಪ್ಪದೆ ಒಂದು ಪುಟ ಓದಿದ’ ಅಂತ ಬರೆಯುತ್ತೇನೆ. ಶನಿವಾರ ಅದನ್ನೇ ಓದುತ್ತೇನೆ. ಮಗು ಮುಂದೆ ಬಂದು ಆ ಲೆಕ್ಕ ಮಾಡಿ ತೋರಿಸುತ್ತದೆ. ಆಮೇಲೆ ಚಪ್ಪಾಳೆ.

ಮೊದಲ ತಿಂಗಳೇ ಒಂದು ತಪ್ಪು ಮಾಡಿದೆ. ಆರನೇ ತರಗತಿಯ ಒಬ್ಬ ಹುಡುಗ ತಿಂಗಳಿಡೀ ಒಂದು ದಿನವೂ ತಪ್ಪಿಸಿರಲಿಲ್ಲ. ‘ಮುಂಚೆ ಕುರಿ ಕಾಯೋಕೆ ಹೋಗ್ತಿದ್ದ, ಈಗ ದಿನಾ ಬರ್ತಾನೆ’ ಅಂದೆ. ಹುಡುಗ ತಲೆ ತಗ್ಗಿಸಿದ. ಸೋಮವಾರ ಬರಲಿಲ್ಲ. ಸಂಜೆ ಮನೆಗೆ ಹೋದೆ. ‘ನಮ್ಮನೆ ಕಷ್ಟಾನ ಎಲ್ರ ಮುಂದೆ ಹೇಳಿಬಿಟ್ರಲ್ಲ ಮೇಷ್ಟ್ರೇ’ ಅಂದರು ಅವನ ತಾಯಿ. ನನ್ನ ಬಳಿ ಉತ್ತರ ಇರಲಿಲ್ಲ. ತಾಯಿ ಮಗ ಇಬ್ಬರ ಹತ್ತಿರವೂ ತಪ್ಪಾಯಿತು ಅಂದೆ. ಈಗ ಮೊದಲೇ ಮಗುವನ್ನು ಕರೆದು ‘ಇದನ್ನ ಹೇಳಲಾ?’ ಅಂತ ಕೇಳುತ್ತೇನೆ. ಬೇಡ ಅಂದರೆ ಬೇಡ. ಮುಂಚೆ ಹೇಗಿದ್ದರು ಅನ್ನುವ ಮಾತನ್ನಂತೂ ಎತ್ತುವುದೇ ಇಲ್ಲ.

ಆಮೇಲೆ ಚೀಟಿ ಶುರು ಮಾಡಿದೆ. ತಾನು ಏನು ಮಾಡಿದೆ ಅಂತ ಮಗುವೇ ಒಂದು ಚೀಟಿಯಲ್ಲಿ ಬರೆಯುತ್ತದೆ, ಕೆಳಗೆ ನನ್ನ ಸಹಿ. ಓದಲು ಬಾರದ ಅಪ್ಪ ಅಮ್ಮನಿಗೆ ಮಗುವೇ ಓದಿ ಹೇಳುತ್ತದೆ. ಎಷ್ಟು ಚಂದ ಅಲ್ವಾ? ಅಲ್ಲಿಯವರೆಗೆ ಶಾಲೆಯಿಂದ ಮನೆಗೆ ಹೋಗುತ್ತಿದ್ದದ್ದು ದೂರುಗಳೇ ಜಾಸ್ತಿ.

ಪುಸ್ತಕದ ಕೊನೆಯಲ್ಲಿ ಎಲ್ಲ ಮಕ್ಕಳ ಹೆಸರಿದೆ. ಶನಿವಾರ ಯಾರ ಬಗ್ಗೆ ಹೇಳಿದೆನೋ ಅವರ ಹೆಸರಿನ ಮುಂದೆ ಗುರುತು ಹಾಕುತ್ತೇನೆ. ತಿಂಗಳಾದರೂ ಯಾರ ಮುಂದೆ ಗುರುತು ಬಿದ್ದಿಲ್ಲವೋ ಅವರ ಪಕ್ಕ ಹೋಗಿ ಕೂರುತ್ತೇನೆ. ಹೋದ ವಾರ ಹಾಗೆ ಕೂತಾಗ, ಮಾತೇ ಆಡದ ನಾಲ್ಕನೇ ತರಗತಿಯ ಹುಡುಗಿ ಪಕ್ಕದವಳಿಗೆ ಏಳರ ಮಗ್ಗಿ ಹೇಳಿಕೊಡುತ್ತಿದ್ದಳು. ಈ ಶನಿವಾರ ಹೇಳಲಾ ಅಂತ ಕೇಳಿದೆ. ‘ನಾಳೆ ಹೇಳ್ತೀನಿ ಸಾ’ ಅಂದಿದ್ದಾಳೆ.