ಚಕ್ಕೋತ, ವೋಡ್ಕಾ, ಒಂದಿಷ್ಟು ಕಲ್ಲುಪ್ಪು

ಚಕ್ಕೋತದ ತೊಳೆ ಬಿಡಿಸಿ, ಮೇಲೆ ಉಪ್ಪು-ಖಾರ ಉದುರಿಸಿ ತಿಂದಿದ್ದೀರಾ? ಹಾಗಾದರೆ ಈ ಕಾಕ್‌ಟೇಲ್‌ನ ರುಚಿ ನಿಮಗೆ ಅರ್ಧ ಗೊತ್ತಿದೆ. ಹೊರದೇಶದ ಬಾರ್‌ಗಳಲ್ಲಿ ವೋಡ್ಕಾಗೆ ಗ್ರೇಪ್‌ಫ್ರೂಟ್ ರಸ ಬೆರೆಸಿ ‘ಗ್ರೇಹೌಂಡ್’ ಅನ್ನುತ್ತಾರೆ. ಅದೇ ಗ್ಲಾಸಿನ ಅಂಚಿಗೆ ಉಪ್ಪು ಹಚ್ಚಿಕೊಟ್ಟರೆ ‘ಸಾಲ್ಟಿ ಡಾಗ್’. ಗ್ರೇಪ್‌ಫ್ರೂಟ್ ನಮ್ಮಲ್ಲಿ ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಅದಕ್ಕಾಗಿ ಊರೆಲ್ಲ ಹುಡುಕಬೇಕಾಗಿಲ್ಲ. ಆ ಹಣ್ಣು ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ, 18ನೇ ಶತಮಾನದಲ್ಲಿ, ವೆಸ್ಟ್ ಇಂಡೀಸ್‌ನ ಬಾರ್ಬಡೋಸ್ ದ್ವೀಪದಲ್ಲಿ. ಮೂಲ ಹಣ್ಣೇ ಕೈಯಲ್ಲಿರುವಾಗ ಬೆರಕೆ ಯಾಕೆ ಬೇಕು, ಅಲ್ವಾ?

ಬೆಂಗಳೂರಿನ ಸುತ್ತಮುತ್ತ ಇರುವವರಿಗಂತೂ ದೇವನಹಳ್ಳಿ ಚಕ್ಕೋತ ಇದೆ. ಒಳಗೆ ಕೆಂಪು ಬಣ್ಣ, ಹುಳಿಗಿಂತ ಸಿಹಿ ಮುಂದು. ಜಿಐ, ಅಂದರೆ ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಹಣ್ಣು ಅದು. ಆದರೆ 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಅಲ್ಲಿನ ಜಮೀನಿಗೆ ಚಿನ್ನದ ಬೆಲೆ ಬಂತು, ತೋಟಗಳು ಕಮ್ಮಿಯಾದವು. ಹಾಗಾಗಿ ‘ದೇವನಹಳ್ಳಿದೇ ಸಾರ್’ ಅಂತ ಮಾರುವ ಹಣ್ಣೆಲ್ಲ ಅಲ್ಲಿಯದೇ ಆಗಿರಬೇಕಿಲ್ಲ. ಚಿಂತೆ ಇಲ್ಲ. ಈ ಪಾನೀಯಕ್ಕೆ ರಸ ತುಂಬಿದ ಯಾವ ಚಕ್ಕೋತವಾದರೂ ನಡೆಯುತ್ತದೆ. ಒಂದೇ ಗಾತ್ರದ ಎರಡು ಹಣ್ಣನ್ನು ಎರಡು ಕೈಯಲ್ಲಿ ಹಿಡಿದು ತೂಗಿ ನೋಡಿ, ಭಾರ ಇರುವುದನ್ನು ತನ್ನಿ. ನೋಡಲು ದೊಡ್ಡದಾಗಿ ಎತ್ತಿದರೆ ಹಗುರವಾಗಿದ್ದರೆ ಒಳಗೆ ದಪ್ಪ ಸಿಪ್ಪೆ, ಒಣಗಿದ ತೊಳೆ ಅಷ್ಟೇ.

ಒಂದು ಗ್ಲಾಸಿಗೆ ಬೇಕಾಗುವುದು: ವೋಡ್ಕಾ 45 ಮಿ.ಲೀ., ಚಕ್ಕೋತದ ರಸ 100 ಮಿ.ಲೀ., ನಿಂಬೆರಸ 10 ಮಿ.ಲೀ., ಸಕ್ಕರೆ ಪಾಕ 10 ಮಿ.ಲೀ., ಸೋಡಾ 50 ಮಿ.ಲೀ., ಗ್ಲಾಸ್ ತುಂಬ ಐಸ್, ಅಂಚಿಗೆ ಕಲ್ಲುಪ್ಪು ಮತ್ತು ಬ್ಯಾಡಗಿ ಮೆಣಸಿನ ಪುಡಿ. ಪೆಗ್ ಅಳತೆ ಮನೆಯಲ್ಲಿ ಇಲ್ಲದಿದ್ದರೆ ಕೆಮ್ಮಿನ ಸಿರಪ್ಪಿನ ಜೊತೆ ಬರುವ ಗೆರೆ ಹಾಕಿದ ಪುಟ್ಟ ಲೋಟವನ್ನು ಚೆನ್ನಾಗಿ ತೊಳೆದು ಬಳಸಿ. ಕಣ್ಣಳತೆಯಲ್ಲಿ ಸುರಿಯಬೇಡಿ. ಹಾಗೆ ಸುರಿದವರ ಕೈ ಯಾವಾಗಲೂ ಜಾಸ್ತಿ ಕಡೆಗೇ ವಾಲುತ್ತದೆ.

ವೋಡ್ಕಾ ಯಾವುದು? ಮಧ್ಯಮ ಬೆಲೆಯದು ಸಾಕು. ಹಣ್ಣಿನ ರಸ ಇಷ್ಟೊಂದು ಬೀಳುವ ಕಡೆ ದುಬಾರಿ ಬಾಟಲಿಯ ನಯ ಯಾರಿಗೂ ಗೊತ್ತಾಗುವುದಿಲ್ಲ. ಹಸಿರು ಸೇಬು, ಕಿತ್ತಳೆ ಅಂತ ಸುವಾಸನೆ ಸೇರಿಸಿದ ವೋಡ್ಕಾ ಮಾತ್ರ ಬೇಡ. ಆ ಮಿಠಾಯಿ ವಾಸನೆ ಚಕ್ಕೋತವನ್ನು ಮುಚ್ಚಿಹಾಕುತ್ತದೆ. ಬಾಟಲಿಯನ್ನು ಹಿಂದಿನ ದಿನವೇ ಫ್ರೀಜರ್‌ನಲ್ಲಿಡಿ. ನಮ್ಮಲ್ಲಿ ಸಿಗುವ ವೋಡ್ಕಾದಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಮನೆಯ ಫ್ರೀಜರ್‌ನ ಮೈನಸ್ 18 ಡಿಗ್ರಿಗೆ ಅದು ಗಟ್ಟಿಯಾಗುವುದಿಲ್ಲ.

ರಸ ತೆಗೆಯುವುದೇ ನಿಜವಾದ ಕೆಲಸ

ಬಹಳ ಜನ ಎಡವುವುದು ಇಲ್ಲಿ. ಚಕ್ಕೋತವನ್ನು ಮೂಸಂಬಿ ಥರ ಅಡ್ಡ ಕತ್ತರಿಸಿ ಹಿಂಡಬೇಡಿ. ತೊಳೆಗಳನ್ನು ಮಿಕ್ಸಿಗೂ ಹಾಕಬೇಡಿ. ಈ ಹಣ್ಣಿನ ಕಹಿಗೆ ಮುಖ್ಯ ಕಾರಣ ನರಿಂಜಿನ್ ಎಂಬ ಅಂಶ. ಅದು ಸಿಪ್ಪೆಯ ಕೆಳಗಿನ ಬಿಳಿ ಭಾಗದಲ್ಲಿ, ತೊಳೆಯ ಮೇಲಿನ ಪೊರೆಯಲ್ಲಿ ತುಂಬಿರುತ್ತದೆ. ಮಿಕ್ಸಿಯ ಬ್ಲೇಡ್ ಪೊರೆ, ಬೀಜ ಎಲ್ಲವನ್ನೂ ನುಚ್ಚುಮಾಡಿ ರಸಕ್ಕೆ ಬೆರೆಸಿಬಿಡುತ್ತದೆ. ಆಮೇಲೆ ಎಷ್ಟು ಸಕ್ಕರೆ ಸುರಿದರೂ ಪ್ರಯೋಜನ ಇಲ್ಲ.

ಮೇಲಿನ ಸಿಪ್ಪೆಗೆ ಚಾಕುವಿನಿಂದ ನಾಲ್ಕು ಕಡೆ ಗೀರಿ, ಬಿಳಿ ಭಾಗದ ಸಮೇತ ಎಳೆದು ತೆಗೆಯಿರಿ. ತೊಳೆ ಬಿಡಿಸಿ. ಒಂದೊಂದು ತೊಳೆಯ ಬೆನ್ನು ಸೀಳಿ ಪೊರೆ ಸುಲಿಯಿರಿ, ಬೀಜ ಆರಿಸಿ. ಈಗ ಕೈಯಲ್ಲಿ ಉಳಿಯುವುದು ಕೆಂಪು ಎಸಳುಗಳು ಮಾತ್ರ. ಅವನ್ನು ಜರಡಿಗೆ ಹಾಕಿ ಚಮಚದ ಬೆನ್ನಿನಿಂದ ಒತ್ತಿ. ಅವಸರ ಬೇಡ, ಟಿವಿ ಮುಂದೆ ಕೂತು ಮಾಡುವ ಕೆಲಸ ಇದು. ಒಂದು ಒಳ್ಳೆಯ ಹಣ್ಣಿನಲ್ಲಿ ಕನಿಷ್ಠ ಎರಡು ಗ್ಲಾಸಿಗೆ ಸಾಕಾಗುವಷ್ಟು ರಸ ಬರುತ್ತದೆ. ಎರಡು ಚಮಚದಷ್ಟು ಎಸಳನ್ನು ಒತ್ತದೆ ಹಾಗೇ ಎತ್ತಿಡಿ.

ರಸವನ್ನು ಬೆಳಿಗ್ಗೆಯೇ ತೆಗೆದು ಸಂಜೆಗೆ ಇಡುವ ಯೋಚನೆಯೂ ಬೇಡ. ಈ ಜಾತಿಯ ಹಣ್ಣುಗಳ ರಸ ಹೊತ್ತು ಕಳೆದಂತೆ ಕಹಿಯಾಗುತ್ತದೆ. ಹಿಂಡಿದಾಗ ಇಲ್ಲದ ಲಿಮೋನಿನ್ ಎಂಬ ಇನ್ನೊಂದು ಕಹಿ ಅಂಶ ಆಮೇಲೆ ನಿಧಾನಕ್ಕೆ ಹುಟ್ಟಿಕೊಳ್ಳುತ್ತದೆ. ಕುಡಿಯುವ ಹೊತ್ತಿಗೆ ಸ್ವಲ್ಪ ಮುಂಚೆ ತೆಗೆದರೆ ಸಾಕು.

ಸಕ್ಕರೆ ಪಾಕವನ್ನು ಬೇಕಾದರೆ ಮೊದಲೇ ಮಾಡಿಡಬಹುದು. ಒಂದು ಲೋಟ ಸಕ್ಕರೆ, ಒಂದು ಲೋಟ ನೀರು, ಕರಗುವವರೆಗೆ ಬಿಸಿ ಮಾಡಿ ಆರಿಸಿ. ಎಳೆ ಪಾಕ ಬರಬೇಕಾಗಿಲ್ಲ. ಸಕ್ಕರೆಯನ್ನು ನೇರ ಗ್ಲಾಸಿಗೆ ಹಾಕಿದರೆ ತಣ್ಣನೆಯ ರಸದಲ್ಲಿ ಅದು ಕರಗದೆ ತಳದಲ್ಲಿ ಕೂರುತ್ತದೆ.

ಅಂಚಿನ ಉಪ್ಪು

ಗ್ಲಾಸಿನ ಅಂಚಿಗೆ ಹಚ್ಚುವ ಉಪ್ಪು ಸುಮ್ನೆ ಅಲಂಕಾರಕ್ಕೆ ಅಂದುಕೊಳ್ಳಬೇಡಿ. ಉಪ್ಪು ನಾಲಿಗೆಗೆ ಕಹಿ ಗೊತ್ತಾಗದ ಹಾಗೆ ತಡೆಯುತ್ತದೆ, ಆಗ ಹಣ್ಣಿನ ಸಿಹಿ ಮೇಲೆ ಬರುತ್ತದೆ. ಚಕ್ಕೋತಕ್ಕೆ ನಮ್ಮವರು ಉಪ್ಪು ಹಚ್ಚಿದ್ದೂ ಇದೇ ಕಾರಣಕ್ಕೆ ಇರಬೇಕು. ಪುಡಿ ಉಪ್ಪು ಬೇಡ, ಅದು ಒಂದೇ ಸಲಕ್ಕೆ ಬಾಯಿಗೆ ಬಂದು ಚುರುಗುಟ್ಟುತ್ತದೆ. ಕಲ್ಲುಪ್ಪನ್ನು ತರಿತರಿಯಾಗಿ ಕುಟ್ಟಿ, ಒಂದು ಚಿಟಿಕೆ ಬ್ಯಾಡಗಿ ಪುಡಿ ಸೇರಿಸಿ. ಬಣ್ಣ ಹೆಚ್ಚು, ಖಾರ ಕಮ್ಮಿ, ಅದಕ್ಕೇ ಬ್ಯಾಡಗಿ. ಗುಂಟೂರು ಮೆಣಸಿನ ಪುಡಿ ಹಾಕಿದರೆ ತುಟಿ ಉರಿಯುತ್ತದೆ. ಅಂಚಿನ ಅರ್ಧ ಸುತ್ತಿಗೆ ಮಾತ್ರ ನಿಂಬೆಹೋಳು ಸವರಿ, ತಟ್ಟೆಯಲ್ಲಿ ಹರಡಿದ ಉಪ್ಪಿನ ಮೇಲೆ ಹೊರಳಿಸಿ. ಉಪ್ಪು ಬೇಡ ಅನ್ನಿಸಿದಾಗ ಗ್ಲಾಸ್ ತಿರುಗಿಸಿಕೊಂಡು ಇನ್ನೊಂದು ಕಡೆಯಿಂದ ಕುಡಿಯಬಹುದು.

ಬೆರೆಸುವುದು

ಮುಚ್ಚಳ ಬಿಗಿಯಾಗಿ ಕೂರುವ ಸ್ಟೀಲ್ ಡಬ್ಬಿ ಅಥವಾ ಅಗಲ ಬಾಯಿಯ ಬಾಟಲಿ ತೆಗೆದುಕೊಳ್ಳಿ. ವೋಡ್ಕಾ, ಚಕ್ಕೋತದ ರಸ, ನಿಂಬೆರಸ, ಪಾಕ ಹಾಕಿ. ಮೇಲೆ ನಾಲ್ಕೈದು ತುಂಡು ಐಸ್. ಹನ್ನೆರಡು ಎಣಿಸುವವರೆಗೆ ಜೋರಾಗಿ ಕುಲುಕಿ. ಡಬ್ಬಿಯ ಮೈ ಮೇಲೆ ಮಂಜು ಕಟ್ಟಿದರೆ ಸಾಕು. ಸೋಡಾವನ್ನು ಅಪ್ಪಿತಪ್ಪಿಯೂ ಡಬ್ಬಿಗೆ ಹಾಕಬೇಡಿ, ಕುಲುಕಿದರೆ ಮುಚ್ಚಳ ಹಾರುತ್ತದೆ.

ಉಪ್ಪು ಹಚ್ಚಿದ ಗ್ಲಾಸಿಗೆ ಹೊಸ ಐಸ್ ತುಂಬಿ. ಎರಡೇ ತುಂಡು ಹಾಕಿ ಉಳಿಸುವುದು ಬೇಡ. ಐಸ್ ಕಮ್ಮಿ ಇದ್ದರೆ ಪಾನೀಯ ಬೇಗ ಬಿಸಿಯಾಗುತ್ತದೆ, ಇದ್ದ ಐಸ್ ಕರಗಿ ನೀರಾಗುತ್ತದೆ. ಗ್ಲಾಸ್ ತುಂಬ ಇದ್ದರೆ ತಣ್ಣಗೂ ಇರುತ್ತದೆ, ಕರಗುವುದೂ ನಿಧಾನ. ಡಬ್ಬಿಯಲ್ಲಿರುವುದನ್ನು ಸೋಸಿ ಸುರಿದು, ಸೋಡಾ ಹಾಕಿ, ಎತ್ತಿಟ್ಟ ಎಸಳು ಮೇಲೆ ಉದುರಿಸಿ. ಒಂದು ಸಲ ಮೆಲ್ಲಗೆ ತಿರುಗಿಸಿ. ಪುದೀನ ಹಾಕಬಹುದಾ ಅಂತ ಕೇಳುವವರಿದ್ದಾರೆ. ಹಾಕಬಹುದು. ಆದರೆ ಆಗ ಅದು ಪುದೀನದ ಪಾನೀಯ. ನಾನಂತೂ ಹಾಕುವುದಿಲ್ಲ.

ಮಾತ್ರೆ ನುಂಗುವವರು ಇದನ್ನು ಓದಿ

ಗ್ರೇಪ್‌ಫ್ರೂಟ್‌ನ ಹಾಗೆ ಚಕ್ಕೋತವೂ ಕೆಲವು ಔಷಧಿಗಳ ಜೊತೆ ಹೊಂದುವುದಿಲ್ಲ. ಔಷಧಿಯನ್ನು ಕರುಳಿನಲ್ಲೇ ಒಂದಿಷ್ಟು ಒಡೆಯುವ ಕಿಣ್ವವನ್ನು ಈ ರಸ ತಡೆಯುತ್ತದೆ. ಆಗ ಅದೇ ಮಾತ್ರೆಯ ಅಂಶ ರಕ್ತದಲ್ಲಿ ಹೆಚ್ಚಾಗುತ್ತದೆ. ಕೊಲೆಸ್ಟ್ರಾಲ್‌ಗೆ ಕೊಡುವ ಕೆಲವು ಸ್ಟಾಟಿನ್ ಮಾತ್ರೆ, ಬಿಪಿಯ ಕೆಲವು ಮಾತ್ರೆಗಳು ಈ ಪಟ್ಟಿಯಲ್ಲಿವೆ. ಇದು ಗೊತ್ತಾದ ಕಥೆಯೂ ಮಜವಾಗಿದೆ. ಕೆನಡಾದಲ್ಲಿ ಫೆಲೊಡಿಪಿನ್ ಎಂಬ ಬಿಪಿ ಔಷಧಿಗೂ ಆಲ್ಕೋಹಾಲ್‌ಗೂ ಏನು ಸಂಬಂಧ ಅಂತ ಪರೀಕ್ಷೆ ಮಾಡುತ್ತಿದ್ದರು. ಆಲ್ಕೋಹಾಲ್‌ನ ರುಚಿ ಗೊತ್ತಾಗದಿರಲಿ ಅಂತ ಗ್ರೇಪ್‌ಫ್ರೂಟ್ ರಸ ಬೆರೆಸಿದರು. ಔಷಧಿಯ ಮಟ್ಟ ಏರಿದ್ದು ರಸದಿಂದ ಅಂತ ಆಮೇಲೆ ತಿಳಿಯಿತು. 1989ರಲ್ಲಿ ಅದನ್ನು ಪ್ರಕಟಿಸಿದರು. ಇದರ ಪರಿಣಾಮ ಒಂದು ದಿನಕ್ಕಿಂತ ಹೆಚ್ಚು ಇರಬಹುದು. ಹಾಗಾಗಿ ‘ಮಾತ್ರೆ ಬೆಳಿಗ್ಗೆ, ಗ್ಲಾಸ್ ರಾತ್ರಿ’ ಎಂಬ ಲೆಕ್ಕ ನಡೆಯುವುದಿಲ್ಲ. ದಿನಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

21 ತುಂಬದವರಿಗೆ, ಬಸುರಿಯರಿಗೆ, ಗಾಡಿ ಓಡಿಸುವವರಿಗೆ ಇದು ಬೇಡ. ಹಣ್ಣಿನ ರುಚಿಯ ಹಿಂದೆ ವೋಡ್ಕಾ ಗೊತ್ತೇ ಆಗುವುದಿಲ್ಲ, ಗುಟುಕು ಬೇಗ ಬೇಗ ಇಳಿಯುತ್ತದೆ. ಆದರೆ 45 ಮಿ.ಲೀ. ಅಂದರೆ ಒಂದೂವರೆ ಸಣ್ಣ ಪೆಗ್. ರಕ್ತದ 100 ಮಿ.ಲೀ.ಗೆ 30 ಮಿ.ಗ್ರಾಂ ಆಲ್ಕೋಹಾಲ್ ದಾಟಿದವರು ಗಾಡಿ ಓಡಿಸಿದರೆ ನಮ್ಮ ಕಾನೂನಿನಲ್ಲಿ ಅಪರಾಧ. ಕುಡಿಯಬಾರದವರಿಗೆ ವೋಡ್ಕಾ ಬಿಟ್ಟು, ಸೋಡಾ ಹೆಚ್ಚಿಸಿ, ಅದೇ ಉಪ್ಪಿನ ಅಂಚಿನ ಗ್ಲಾಸಿನಲ್ಲಿ ಕೊಡಿ.

ಎಂಟು ಜನ ಬರುತ್ತಾರೆ ಅಂದರೆ ಒಬ್ಬೊಬ್ಬರಿಗೂ ಕುಲುಕುತ್ತಾ ಕೂರಬೇಡಿ. 360 ಮಿ.ಲೀ. ವೋಡ್ಕಾ ಮತ್ತು 80 ಮಿ.ಲೀ. ಪಾಕವನ್ನು ಜಗ್ಗಿನಲ್ಲಿ ಬೆರೆಸಿ ಮಧ್ಯಾಹ್ನವೇ ಫ್ರಿಜ್‌ನಲ್ಲಿಡಿ. ಜನ ಬರುವ ಹೊತ್ತಿಗೆ 800 ಮಿ.ಲೀ. ಚಕ್ಕೋತದ ರಸ, 80 ಮಿ.ಲೀ. ನಿಂಬೆರಸ, ಒಂದು ಲೋಟ ತಣ್ಣೀರು ಸೇರಿಸಿ. ಕುಲುಕುವಾಗ ಕರಗಿ ಸೇರುವ ಐಸ್ ನೀರಿನ ಬದಲಿಗೆ ಈ ತಣ್ಣೀರು. ಸೋಡಾ ಮಾತ್ರ ಗ್ಲಾಸಿಗೇ ಹಾಕಿ. ತೊಳೆ ಸುಲಿಯಲು ಮನೆಯವರನ್ನೆಲ್ಲ ಕೂರಿಸಿಕೊಳ್ಳಿ, ನಾಲ್ಕು ಹಣ್ಣಿಗಿಂತ ಕಮ್ಮಿಯಲ್ಲಿ ಆಗುವುದಿಲ್ಲ.