ಹೆಂಡತಿಯ ಗುರಾಣಿಯಿಂದ ಶುರು ಮಾಡಿ: ನ್ಯೂರೆಂಬರ್ಗ್‌ನಲ್ಲಿ ನನ್ನ ಅನುಭವ

ಕೆಲಸಕ್ಕೆ ಅಂತ ಜರ್ಮನಿಯ ನ್ಯೂರೆಂಬರ್ಗ್‌ಗೆ ಬಂದ ನನಗೆ ಇಲ್ಲಿ ಒಂದು ಹುಚ್ಚು ಹತ್ತಿತು. ಹಳೇ ವರ್ತಕ ಮನೆತನಗಳ ಲಾಂಛನ, ಅಂದರೆ ಗುರಾಣಿಯ ಮೇಲೆ ಬರೆದ ಮನೆತನದ ಗುರುತು, ನೋಡಿ ವಂಶವೃಕ್ಷ ಬರೆಯುವುದು. ಟೂಖರ್ ಮನೆತನವನ್ನು ಮೊದಲು ಹಿಡಿದೆ. ಇವರು ರಾಜರಲ್ಲ. ವ್ಯಾಪಾರದಲ್ಲಿ ದುಡ್ಡು ಮಾಡಿ, ನಗರಸಭೆಯಲ್ಲಿ ಕೂತು ಊರು ಆಳಿದವರು.

ಯಾವ ಮನೆಗಳನ್ನು ಲೆಕ್ಕಕ್ಕೆ ತಗೋಬೇಕು ಅನ್ನುವುದಕ್ಕೆ ಕುಣಿತದ ಕಟ್ಟಳೆಯೊಂದು ನೆರವಾಯಿತು. ಪುರಭವನದ ನೃತ್ಯಕೂಟಕ್ಕೆ ಯಾರ‍್ಯಾರನ್ನು ಕರೆಯಬೇಕು ಅಂತ 1521ರಲ್ಲಿ ನಗರಸಭೆ ಬರೆದಿಟ್ಟಿತ್ತು. ಈ ಮನೆಗಳು ಹೆಚ್ಚಾಗಿ ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತಂದವು. ನಮಗೇನು ಹೊಸದಲ್ಲ, ಅಲ್ವಾ?

ಆಮೇಲೆ ಸೇಂಟ್ ಲೊರೆಂಜ್ ಮತ್ತು ಸೇಂಟ್ ಸೆಬಾಲ್ಡ್ ಚರ್ಚುಗಳು, ಯೋಹಾನಿಸ್ ಸ್ಮಶಾನ ಸುತ್ತಿ ಗುರಾಣಿ ಹುಡುಕಿದೆ. ಟೂಖರ್ ಗುರಾಣಿ ಗುರುತಿಸುವುದು ಸುಲಭ. ಮೇಲರ್ಧ ಕಪ್ಪು-ಬಿಳಿ ಓರೆ ಪಟ್ಟೆ, ಕೆಳಗೆ ಹಳದಿ ನೆಲದಲ್ಲಿ ಆಫ್ರಿಕದವನೊಬ್ಬನ ತಲೆ. ಹೋಲ್ಟ್ಸ್‌ಶೂಹರ್ ಮನೆಯದು ಮರದ ಪಾದರಕ್ಷೆ. ಇಮ್‌ಹೋಫ್‌ನದು ಮೀನಿನ ಬಾಲದ ಸಿಂಹ. ಆ ಸಿಂಹ ಕಂಡರೆ ನನಗೆ ಸ್ವಲ್ಪ ಕಸಿವಿಸಿ. 1505ರಲ್ಲಿ ಭಾರತಕ್ಕೆ ಬಂದ ಪೋರ್ಚುಗೀಸ್ ವೈಸ್‌ರಾಯ್ ಅಲ್ಮೇಡನ ಹಡಗುಪಡೆಗೆ ದುಡ್ಡು ಹಾಕಿದವರಲ್ಲಿ ಇವರೂ ಇದ್ದರು. ನಮ್ಮ ಹೊನ್ನಾವರಕ್ಕೆ ಬೆಂಕಿ ಇಟ್ಟಿದ್ದು ಅದೇ ಪಡೆ.

ಸ್ಮಶಾನದ ಕಂಚಿನ ಫಲಕಗಳಲ್ಲಿ ಬಣ್ಣ ಇರುವುದಿಲ್ಲ. ಹಾಗಾಗಿ ಆಕಾರ ಬರೆದುಕೊಂಡು, ಮನೆಗೆ ಬಂದು 1605ರ ಸೀಬ್‌ಮಾಖರ್ ಲಾಂಛನ ಪುಸ್ತಕದ ಜೊತೆ ತಾಳೆ ನೋಡುತ್ತಿದ್ದೆ. ಅದರಲ್ಲಿ ಬಣ್ಣಕ್ಕೆ ಅಕ್ಷರದ ಗುರುತು ಇದೆ.

ನಿಜವಾದ ಮಜಾ ಜೋಡಿ ಗುರಾಣಿಗಳಲ್ಲಿದೆ. ಸಾಮಾನ್ಯವಾಗಿ ನೋಡುವವರ ಎಡಕ್ಕೆ ಗಂಡನದು, ಬಲಕ್ಕೆ ಹೆಂಡತಿಯ ತವರಿನದು. ಗಂಡನ ಲಾಂಛನದ ತಲೆಯೋ ಪ್ರಾಣಿಯೋ ಹೆಂಡತಿಯ ಕಡೆ ತಿರುಗಿರುತ್ತದೆ. ಅದು ಮರ್ಯಾದೆಯ ರೂಢಿ. ಮುಖ ಆ ಕಡೆ ತಿರುಗಿದೆ ಅಂತ ಬೇರೆ ಮನೆತನ ಅಂದುಕೊಳ್ಳಬೇಕಿಲ್ಲ. ಎರಡು ಮದುವೆಯಾಗಿದ್ದರೆ ಎರಡು ತವರಿನ ಗುರಾಣಿಗಳೂ ಸಿಗಬಹುದು.

ಹೆಸರುಗಳನ್ನು ನಂಬಿ ಕೂತರೆ ಆಗುವುದಿಲ್ಲ. ಹಾನ್ಸ್, ಆಂಟನ್ ಅಂತ ಅವೇ ಹೆಸರು ತಲೆಮಾರುಗಟ್ಟಲೆ ಬರುತ್ತವೆ. ಸಂಶೋಧಕರೇ ಬೇಸತ್ತು ನಂಬರ್ ಹಾಕಿದಂತಿದೆ: 2ನೇ ಆಂಟನ್, 11ನೇ ಹಾನ್ಸ್. ಈ 11ನೇ ಹಾನ್ಸ್ ಯಾರು ಅಂತ ತಿಳಿಯಲು ತವರೇ ದಾರಿ. 1499ರಲ್ಲಿ ಇದೇ ಊರಿನ ಚಿತ್ರಕಾರ ಡ್ಯೂರರ್ ಬರೆದ ಅವನ ಭಾವಚಿತ್ರದ ಹಿಂಬದಿಯಲ್ಲಿ ಟೂಖರ್ ಮತ್ತು ರೀಟರ್ ಲಾಂಛನಗಳು ಜೊತೆಗಿವೆ. ಹೆಂಡತಿ ಫೆಲಿಸಿಟಾಸ್ ರೀಟರ್ ಮನೆಯ ಮಗಳು. ಹತ್ತು ಹಾನ್ಸ್‌ಗಳನ್ನು ಬದಿಗಿಡಲು ಅಷ್ಟು ಸಾಕು.

ಈಗ ನನ್ನ ಹಾಳೆಯಲ್ಲಿ ಮೊದಲ ಕಾಲಂ ತವರಿನದು. ಗಂಡನ ಹೆಸರು ಆಮೇಲೆ, ಪೆನ್ಸಿಲ್ಲಿನಲ್ಲಿ.