ಅಗ್ಗದ ಬೇಟ್ರಿಗೆ ಹೊಸ ಬೆಳಕು: ಬಿಸಿಗೆ ಮೊದಲು ಕಣಿ ತೋಡಿ

ಕಾಸರಗೋಡಿನ ನಮ್ಮ ಕಡೆ ಟಾರ್ಚಿಗೆ ಬೇಟ್ರಿ ಅಂತಲೇ ಹೆಸರು. ಒಳಗೆ ಹಾಕುವುದು ಸೆಲ್ಲು. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ತೋಟದ ಮನೆಗಳಲ್ಲಿ ಚಾವಡಿಯ ಮೊಳೆಗೆ ಒಂದಾದರೂ ಬೇಟ್ರಿ ನೇತಾಡುತ್ತಿರುತ್ತದೆ. ಆಟಿಯ ಮಳೆಗೆ ಕರೆಂಟು ಹೋದರೆ, ತೋಟಕ್ಕೆ ಹಂದಿ ನುಗ್ಗಿದರೆ, ಪಂಪು ನಿಲ್ಲಿಸಲು ರಾತ್ರಿ ಕೆರೆಬದಿಗೆ ಇಳಿಯಬೇಕಾದರೆ ಅದೇ ಗತಿ. ಅಜ್ಜನ ಕಾಲಕ್ಕೆ ಒಣ ಮಡಲಿನ ಸೂಟೆ ಇತ್ತು. ಆಮೇಲೆ ಮೂರು ಸೆಲ್ಲಿನ ಉದ್ದದ ಸ್ಟೀಲ್ ಬೇಟ್ರಿ ಬಂತು. ಈಗ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಇನ್ನೂರು ಮುನ್ನೂರು ರೂಪಾಯಿಗೆ ಕಪ್ಪು ಅಲ್ಯೂಮಿನಿಯಂ ಬೇಟ್ರಿ ಸಿಗುತ್ತದೆ. ಮೈಮೇಲೆ ‘ಟಿ6’ ಅಂತ ಬರೆದಿರುತ್ತದೆ. ಡಬ್ಬಿಯ ಮೇಲೆ ಸಾವಿರಾರು ಲುಮೆನ್, ಅಂದರೆ ಬೆಳಕಿನ ಅಳತೆ.

ಟಿ6 ಅನ್ನುವುದು ಕಂಪನಿಯ ಹೆಸರಲ್ಲ. ಅಮೆರಿಕದ ಕ್ರೀ ಕಂಪನಿ 2010ರಲ್ಲಿ ಎಕ್ಸ್‌ಎಂ-ಎಲ್ ಎಂಬ ಎಲ್‌ಇಡಿ ತಂದಿತು. ನಾವು ಅಡಿಕೆಯನ್ನು ಚಾಲಿ, ಪಟೋರ, ಉಳ್ಳಿ, ಕರಿಗೋಟು ಅಂತ ಆರಿಸುತ್ತೇವಲ್ಲ, ಹಾಗೆಯೇ ಅವರು ಬೆಳಕು ನೋಡಿ ಎಲ್‌ಇಡಿಗಳನ್ನು ವಿಂಗಡಿಸುತ್ತಿದ್ದರು. 700 ಮಿಲಿ ಆಂಪಿಯರ್ ಕರೆಂಟು ಕೊಟ್ಟಾಗ ಕನಿಷ್ಠ 280 ಲುಮೆನ್ ಕೊಡುವವು ಟಿ6 ರಾಶಿಗೆ. ಅಗ್ಗದ ಬೇಟ್ರಿಯಲ್ಲಿ ಹೆಚ್ಚಾಗಿ ಇರುವುದು ಅದೂ ಅಲ್ಲ, ಅದರ ಹಾಗೆ ಕಾಣುವ ಇನ್ನೊಂದು. ಕರಿಗೋಟನ್ನು ಚಾಲಿಯ ಗೋಣಿಗೆ ತುಂಬಿದ ಹಾಗೆ.

ಹಾಗಾದರೆ ಒಳ್ಳೆಯ ಎಲ್‌ಇಡಿ ತಂದು ಕೂರಿಸಿದರೆ ಆಯಿತಲ್ಲ? ನಾನೂ ಹಾಗೇ ಅಂದುಕೊಂಡಿದ್ದೆ. ತರಿಸಿದೆ, ಬೆಸೆದೆ, ಚಾವಡಿಯಿಂದ ಬೆಳಕು ಬಿಟ್ಟರೆ ಗುಡ್ಡೆಯ ತುದಿ ಕಾಣಿಸಿತು. ಮನೆಯವರನ್ನೆಲ್ಲ ಕರೆದು ತೋರಿಸಿದ್ದೂ ಆಯಿತು. ಅದೇ ರಾತ್ರಿ ತೋಟದ ನಡುವೆ ಬೆಳಕು ಮೊದಲು ನೀಲಿಗೆ ತಿರುಗಿತು, ಆಮೇಲೆ ಮಂಕಾಯಿತು, ಆಮೇಲೆ ಸತ್ತೇಹೋಯಿತು. ತಡಕಾಡಿಕೊಂಡು ಮನೆಗೆ ಬಂದೆ. ಬೇಟ್ರಿಯ ಮೈ ಮಾತ್ರ ತಣ್ಣಗೇ ಇತ್ತು. ತಪ್ಪು ಎಲ್ಲಿದೆ ಅಂತ ಆ ತಣ್ಣನೆಯ ಮೈಯೇ ಹೇಳಬೇಕಿತ್ತು, ನನಗೆ ಗೊತ್ತಾದದ್ದು ಎರಡನೇ ಎಲ್‌ಇಡಿಯೂ ಸುಟ್ಟ ಮೇಲೆ.

ಎಲ್‌ಇಡಿಗೆ 3 ಆಂಪಿಯರ್ ಕೊಟ್ಟರೆ ಸುಮಾರು 10 ವಾಟ್ ಆಯಿತು. ಅದರಲ್ಲಿ ಬೆಳಕಾಗುವುದು ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಉಳಿದದ್ದು ಬಿಸಿ. ಐದು ಮಿಲಿಮೀಟರ್ ಅಗಲದ ಚೂರಿನಲ್ಲಿ ಆರೇಳು ವಾಟ್ ಬಿಸಿ ಹುಟ್ಟಿ ಹೋಗಲು ದಾರಿಯಿಲ್ಲದೆ ನಿಂತರೆ, ನೀರು ಹರಿದುಹೋಗುವ ಕಣಿ ಇಲ್ಲದ ತೋಟದಲ್ಲಿ ಮಳೆನೀರು ನಿಂತ ಹಾಗೆ. ಬುಡ ಕೊಳೆಯುತ್ತದೆ. ಹಾಗಾಗಿ ಈ ಕೆಲಸದಲ್ಲಿ ಮುಕ್ಕಾಲು ಪಾಲು ಕಣಿ ತೋಡುವುದು. ಎಲ್‌ಇಡಿ ಹಾಕುವುದು ಕಾಲು ಪಾಲು.

ಯಾವುದನ್ನು ಮುಟ್ಟಬಹುದು, ಯಾವುದನ್ನು ಬಾರದು

ಲೋಹದ ಮೈ, ತಿರುಗಿಸಿ ಬಿಚ್ಚಬಹುದಾದ ತಲೆ, ಒಳಗೆ ಒಂದು 18650 ಸೆಲ್. ಇಷ್ಟಿದ್ದರೆ ಸಾಕು. 18650 ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಲಿಥಿಯಂ ಸೆಲ್. ಪ್ಲಾಸ್ಟಿಕ್ ಮೈಯದ್ದಾದರೆ ಸುಮ್ನೆ ಬಿಡಿ, ಬಿಸಿ ಹೊರಗೆ ಬರುವುದಿಲ್ಲ. ಮುಂದೆ ಹಿಂದೆ ಜಾರುವ ಜೂಮ್ ಬೇಟ್ರಿಯಲ್ಲೂ ಎಲ್‌ಇಡಿ ಕೂತ ಭಾಗ ಮೈಗೆ ಸರಿಯಾಗಿ ತಾಗಿರುವುದಿಲ್ಲ. ಅದಕ್ಕೆ ಒಂದು ಒಂದೂವರೆ ಆಂಪಿಯರಿಗಿಂತ ಜಾಸ್ತಿ ಆಸೆ ಬೇಡ.

ಪಿನ್ನನ್ನು ನೇರ ಗೋಡೆಯ ಪ್ಲಗ್ಗಿಗೆ ಚುಚ್ಚಿ ಚಾರ್ಜ್ ಮಾಡುವ ಅಗ್ಗದ ಬೇಟ್ರಿಗಳಿವೆಯಲ್ಲ, ಅವನ್ನು ಮುಟ್ಟಲೇಬೇಡಿ. ಎಷ್ಟೋ ಅಂಥವುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಒಂದು ಕೆಪ್ಯಾಸಿಟರ್ ಮಾತ್ರ. ಪ್ಲಗ್ಗಿನಲ್ಲಿರುವಾಗ ಒಳಗಿನ ಯಾವ ತಂತಿ ಮುಟ್ಟಿದರೂ ಮನೆಯ ಕರೆಂಟನ್ನೇ ಮುಟ್ಟಿದ ಹಾಗೆ.

ಬೇಕಾದ ಸಾಮಾನು ಜಾಸ್ತಿಯೇನಿಲ್ಲ. 25 ವಾಟಿನ ಸೋಲ್ಡರಿಂಗ್ ಐರನ್, 63/37ರ ಸೋಲ್ಡರ್ ತಂತಿ, ಬೆಸುಗೆ ಹಿಡಿಯಲು ಹಚ್ಚುವ ಫ್ಲಕ್ಸ್, ಮಲ್ಟಿಮೀಟರ್, ಚಿಮಟ, ಎಮರಿ ಪೇಪರ್, ಬಿಸಿ ಸಾಗಿಸುವ ಪೇಸ್ಟ್ ಆದ ಹೀಟ್‌ಸಿಂಕ್ ಕಾಂಪೌಂಡಿನ ಸಣ್ಣ ಟ್ಯೂಬು. ಜೊತೆಗೆ ಹಳೆಯ ಇಸ್ತ್ರಿಪೆಟ್ಟಿಗೆ. ಮನೆಯಲ್ಲಿ ದಿನಾ ಬಳಸುವುದು ಬೇಡ, ಆಮೇಲೆ ಬಿಳಿ ವೇಷ್ಟಿಗೆ ಕಲೆ ಹಿಡಿದರೆ ನಾನು ಜವಾಬ್ದಾರನಲ್ಲ.

ಬಿಚ್ಚುವುದು, ಅಳೆಯುವುದು

ಬಿಚ್ಚುವ ಮೊದಲು ಈಗ ಎಷ್ಟು ಕರೆಂಟು ಹರಿಯುತ್ತಿದೆ ನೋಡಿ. ಹಿಂದಿನ ಮುಚ್ಚಳ ತೆಗೆಯಿರಿ. ಮಲ್ಟಿಮೀಟರನ್ನು 10 ಆಂಪಿಯರಿಗೆ ಇಟ್ಟು, ಕೆಂಪು ತಂತಿಯನ್ನೂ ಆ ತೂತಿಗೇ ಚುಚ್ಚಿ. ಒಂದು ತುದಿ ಸೆಲ್ಲಿನ ಹಿಂಭಾಗಕ್ಕೆ, ಇನ್ನೊಂದು ಬೇಟ್ರಿಯ ಮೈಯ ಬಣ್ಣವಿಲ್ಲದ ಅಂಚಿಗೆ. ನನ್ನದರಲ್ಲಿ 1.1 ಬಂತು. ಈ ಲೆಕ್ಕ ಬರೆದಿಡಿ.

ಈಗ ಸೆಲ್ ತೆಗೆದು ತಲೆ ಬಿಚ್ಚಿ. ಅಂಟು ಹಾಕಿ ಬಿಗಿದಿದ್ದರೆ ತಲೆಯನ್ನು ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟು, ಸೈಕಲ್ ಟ್ಯೂಬಿನ ತುಂಡು ಸುತ್ತಿ ತಿರುಗಿಸಿ. ಗಾಜು, ರಿಫ್ಲೆಕ್ಟರ್, ಅದರ ಹಿಂದೆ ಒಂದು ಲೋಹದ ಬಟ್ಟಲು. ಇದಕ್ಕೆ ಪಿಲ್ ಅನ್ನುತ್ತಾರೆ. ಮುಂದಿನ ಮುಖದಲ್ಲಿ ಎಲ್‌ಇಡಿ, ಹಿಂದೆ ಕರೆಂಟನ್ನು ಹತೋಟಿಯಲ್ಲಿಡುವ ಡ್ರೈವರ್ ಎಂಬ ಸಣ್ಣ ಗುಂಡು ಬೋರ್ಡು. ಎರಡು ಸಣ್ಣ ತೂತುಗಳಿಗೆ ಚಿಮಟದ ತುದಿ ಇಟ್ಟು ತಿರುಗಿಸಿದರೆ ಪಿಲ್ ಹೊರಗೆ ಬರುತ್ತದೆ. ಪ್ರತಿ ಹೆಜ್ಜೆಗೂ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ಯಾವ ತಂತಿ ಎಲ್ಲಿತ್ತು ಅಂತ ಆಮೇಲೆ ನೆನಪಾಗುವುದಿಲ್ಲ.

ಪಿಲ್ಲಿನೊಳಗೆ ನೋಡಿದರೆ ನನ್ನ ಎಲ್‌ಇಡಿ ಯಾಕೆ ಸತ್ತಿತು ಅಂತ ಗೊತ್ತಾಗುತ್ತದೆ. ಎಲ್‌ಇಡಿಯ ಬೋರ್ಡು ಬರೀ ಅಂಚಿನ ಮೇಲೆ ಕೂತಿದೆ. ಅದರ ಕೆಳಗೆ ಪೊಳ್ಳು. ಅಂದರೆ ಗಾಳಿ. ಬಿಸಿ ಸಾಗಿಸುವುದರಲ್ಲಿ ತಾಮ್ರಕ್ಕೆ ಸುಮಾರು 400 ಅಂಕ ಕೊಟ್ಟರೆ ಹಿತ್ತಾಳೆಗೆ 110ರ ಆಸುಪಾಸು. ಗಾಳಿಗೆ 0.03 ಕೂಡ ಇಲ್ಲ. ಬಿಸಿಯನ್ನು ಕಂಬಳಿಯಲ್ಲಿ ಸುತ್ತಿಟ್ಟ ಹಾಗೆ ಆಯಿತು, ಅಲ್ವಾ?

ಕಣಿ ತೋಡುವುದು

ಆ ಪೊಳ್ಳನ್ನು ಲೋಹದಿಂದ ತುಂಬಬೇಕು. ಪಿಲ್ಲಿನ ಒಳ ಅಳತೆಗೆ ಸರಿಯಾಗಿ 3 ಮಿಲಿಮೀಟರ್ ದಪ್ಪದ ತಾಮ್ರದ ಬಿಲ್ಲೆ ಬೇಕು. ದೊಡ್ಡ ಸ್ವಿಚ್‌ಬೋರ್ಡಿನ ಕೆಲಸ ಮಾಡುವ ಇಲೆಕ್ಟ್ರಿಶಿಯನ್ ಹತ್ತಿರ ಬಸ್‌ಬಾರಿನ ತುಂಡು ಉಳಿದಿರುತ್ತದೆ. ಅದನ್ನು ಲೇತಿನವರಿಗೆ ಕೊಟ್ಟರೆ ಹತ್ತು ನಿಮಿಷದ ಕೆಲಸ. ಎರಡು ತಂತಿ ಹೋಗಲು ಎರಡು ತೂತು ಹೇಳಿ ಮಾಡಿಸಿ. ಬಿಲ್ಲೆ ಒಳಗೆ ಸಡಿಲವಾಗಿ ಆಡಬಾರದು, ಒತ್ತಿ ಕೂರಿಸುವಷ್ಟು ಬಿಗಿ ಇರಬೇಕು. ತಾಮ್ರ ಸಿಗದಿದ್ದರೆ ಅಲ್ಯೂಮಿನಿಯಂ ಆದೀತು. ನಾಣ್ಯ ಉಜ್ಜಿ ಹಾಕುವವರೂ ಇದ್ದಾರೆ. ನಾಣ್ಯ ಹಾಳುಮಾಡುವುದು ಕಾನೂನಿಗೆ ವಿರುದ್ಧ, ಅದು ಬೇಡ.

ಪಿಲ್ ಹಿತ್ತಾಳೆಯದ್ದಾದರೆ ಬಿಲ್ಲೆಯನ್ನು ಅದಕ್ಕೆ ಬೆಸೆದುಬಿಡಿ, ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಅಲ್ಯೂಮಿನಿಯಂ ಪಿಲ್ಲಿಗೆ ಸಾಮಾನ್ಯ ಸೋಲ್ಡರ್ ಹಿಡಿಯುವುದಿಲ್ಲ. ಅಲ್ಲಿ ಬಿಗಿಯಾಗಿ ಒತ್ತಿ, ಅಂಚಿಗೆ ಕಾಂಪೌಂಡ್ ಸವರಬೇಕು. ಬಿಲ್ಲೆಯ ಅಡಿಭಾಗ ಡ್ರೈವರಿನ ಮೇಲಿನ ಭಾಗಗಳಿಗೆ ತಾಗಬಾರದು, ನಡುವೆ ಒಂದೆರಡು ಮಿಲಿಮೀಟರ್ ಬಿಡಿ.

ಮೇಲ್ಮೈಯನ್ನು ಸಪಾಟು ಮಾಡುವುದರಲ್ಲಿ ಉದಾಸೀನ ಬೇಡ. ಗಾಜಿನ ಮೇಲೆ 400 ನಂಬರಿನ ಎಮರಿ ಪೇಪರ್ ಹಾಸಿ, ನೀರು ಚಿಮುಕಿಸಿ, ಎಂಟರ ಆಕಾರದಲ್ಲಿ ಉಜ್ಜಿ. ಆಮೇಲೆ 1000 ನಂಬರಿನದು. ಕಾಂಪೌಂಡ್ ಇರುವುದು ಕಣ್ಣಿಗೆ ಕಾಣದ ಗುಳಿ ತುಂಬಲು ಮಾತ್ರ. ದೋಸೆಗೆ ಬೆಣ್ಣೆ ಹಾಕಿದ ಹಾಗೆ ಹಚ್ಚಿದರೆ ಅದೇ ಬಿಸಿಗೆ ಅಡ್ಡ ಬರುತ್ತದೆ. ಬೋರ್ಡನ್ನು ಒತ್ತಿದಾಗ ಅಂಚಿನಲ್ಲಿ ಸ್ವಲ್ಪವೇ ಇಣುಕಿದರೆ ಸಾಕು. ಪಿಲ್ಲಿನ ಥ್ರೆಡ್ಡಿಗೂ ಇದನ್ನೇ ಸವರಿ. ಪಿಲ್ ಮೈಯೊಳಗೆ ಸಡಿಲವಿದ್ದರೆ ತಾಮ್ರದ ತೆಳು ಹಾಳೆ ಸುತ್ತಿ ಬಿಗಿಮಾಡಿ.

ಯಾವ ಎಲ್‌ಇಡಿ?

ಇಲ್ಲಿ ಎರಡು ಅಳತೆ ನೋಡಿ. ಬೋರ್ಡಿನ ಅಗಲ 16 ಅಥವಾ 20 ಮಿಲಿಮೀಟರ್. ಎಲ್‌ಇಡಿಯ ಅಗಲ 5 ಅಥವಾ 3.5 ಮಿಲಿಮೀಟರ್. ಎಕ್ಸ್‌ಎಂ-ಎಲ್ ಗುಂಪಿನವು, ಲುಮಿನಸ್ ಕಂಪನಿಯ ಎಸ್‌ಎಸ್‌ಟಿ-40 ಇವು 5ರವು. ನಿಚಿಯ 519ಎ, ಸ್ಯಾಮ್‌ಸಂಗಿನ ಎಲ್‌ಎಚ್351ಡಿ, ಲುಮಿನಸ್ ಎಸ್‌ಎಸ್‌ಟಿ-20 ಇವು 3.5ರವು.

ಲುಮೆನ್ ಜಾಸ್ತಿ ಇರುವುದನ್ನೇ ಆರಿಸಬೇಡಿ ಅನ್ನುತ್ತೇನೆ ನಾನು. ಅಗ್ಗದ ಎಲ್‌ಇಡಿಯ ನೀಲಿಬಿಳಿ ಬೆಳಕಿನಲ್ಲಿ ಒಣ ಸೋಗೆ, ತರಗೆಲೆ, ಮಣ್ಣು ಎಲ್ಲ ಒಂದೇ ಬೂದು. ಅದರ ಮೇಲೆ ಸುರುಳಿ ಸುತ್ತಿ ಮಲಗಿದ ಕೊಳಕುಮಂಡಲದ ಕಂದು ಚಿತ್ತಾರ ಕಣ್ಣಿಗೆ ಬೀಳುವುದಿಲ್ಲ. ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವುದಕ್ಕೆ ಸಿಆರ್‌ಐ ಎಂಬ ಅಂಕವಿದೆ. ಬಿಸಿಲಿಗೆ 100. 519ಎ ತರದ ಎಲ್‌ಇಡಿಗಳು 90 ದಾಟುತ್ತವೆ. ಬೆಳಕಿನ ಬಣ್ಣ 4000ದಿಂದ 5000 ಕೆಲ್ವಿನ್ ಒಳಗಿರಲಿ. ಲುಮೆನ್ ಸ್ವಲ್ಪ ಕಡಿಮೆ ಬರುತ್ತದೆ, ಬರಲಿ. ಮಳೆಯಲ್ಲೂ ಮಂಜಿನಲ್ಲೂ ಈ ಬೆಳಕು ಕಣ್ಣಿಗೆ ಹಿತ.

ಬೋರ್ಡು ಮಾತ್ರ ತಾಮ್ರದ್ದೇ ಬೇಕು. ಅಗ್ಗದ ಅಲ್ಯೂಮಿನಿಯಂ ಬೋರ್ಡಿನಲ್ಲಿ ಎಲ್‌ಇಡಿಗೂ ಲೋಹಕ್ಕೂ ನಡುವೆ ಕರೆಂಟು ತಡೆಯುವ ಒಂದು ಪದರ ಇರುತ್ತದೆ. ಅದು ಬಿಸಿಯನ್ನೂ ತಡೆಯುತ್ತದೆ. ಒಳ್ಳೆಯ ತಾಮ್ರದ ಬೋರ್ಡಿನಲ್ಲಿ ಎಲ್‌ಇಡಿಯ ನಡುವಿನ ಪ್ಯಾಡ್ ನೇರ ತಾಮ್ರಕ್ಕೇ ಬೆಸೆದುಕೊಳ್ಳುತ್ತದೆ. ಆ ಪ್ಯಾಡಿನಲ್ಲಿ ಕರೆಂಟು ಇಲ್ಲದ್ದರಿಂದ ತೊಂದರೆಯಿಲ್ಲ. ಹೊಸಬರು ಎಲ್‌ಇಡಿ ಕೂರಿಸಿಯೇ ಬರುವ ಬೋರ್ಡನ್ನು ತರಿಸಿ.

ಇಸ್ತ್ರಿಪೆಟ್ಟಿಗೆಯ ಮೇಲೆ

ಸ್ವತಃ ಕೂರಿಸುವವರಿಗೆ: ಇಸ್ತ್ರಿಪೆಟ್ಟಿಗೆಯನ್ನು ತಲೆಕೆಳಗಾಗಿ ಇಟ್ಟಿಗೆಗಳ ನಡುವೆ ಅಲುಗಾಡದಂತೆ ನಿಲ್ಲಿಸಿ. ಬೋರ್ಡಿನ ಮೂರು ಪ್ಯಾಡಿಗೂ ತೆಳ್ಳಗೆ ಸೋಲ್ಡರ್ ಹಚ್ಚಿ, ಫ್ಲಕ್ಸ್ ಇಡಿ. ಬೋರ್ಡನ್ನು ಪೆಟ್ಟಿಗೆಯ ಮೇಲಿಟ್ಟು ಕಾಟನ್ ಬಟ್ಟೆಯ ಬಿಸಿಗೆ ತಿರುಗಿಸಿ. 63/37 ಸೋಲ್ಡರ್ ಕರಗುವುದು 183 ಡಿಗ್ರಿ ಸೆಲ್ಸಿಯಸಿಗೆ. ಅದು ಕನ್ನಡಿಯ ಹಾಗೆ ಹೊಳೆದ ಕೂಡಲೇ ಚಿಮಟದಿಂದ ಎಲ್‌ಇಡಿಯನ್ನು ಇಳಿಸಿ. ಬದಿಯಿಂದ ಮೆಲ್ಲಗೆ ತಟ್ಟಿದರೆ ಅದೇ ಈಜಿಕೊಂಡು ಹೋಗಿ ಸರಿಯಾದ ಜಾಗದಲ್ಲಿ ಕೂರುತ್ತದೆ. ನೋಡಲು ಒಂದು ಖುಷಿ. ಬೋರ್ಡನ್ನು ಜಾರಿಸಿ ತೆಗೆದು ತಾನಾಗಿ ತಣಿಯಲು ಬಿಡಿ. ಎಲ್‌ಇಡಿಯ ಮೇಲಿನ ಗುಮ್ಮಟ ಮೆತ್ತನೆಯ ಸಿಲಿಕೋನ್. ಅದನ್ನು ಒತ್ತಬೇಡಿ, ಕಿತ್ತುಬರುತ್ತದೆ. ಕಿಟಕಿ ತೆರೆದಿಡಿ, ಹೊಗೆ ಒಳ್ಳೆಯದಲ್ಲ.

ತಂತಿ ಬೆಸೆಯುವಾಗ ಕೂಡಿಸು ಕಳೆಯು ಗುರುತು ನೋಡಿಕೊಳ್ಳಿ. ಸೂಪರ್ ಗ್ಲೂ ತರದ ಅಂಟು ಹತ್ತಿರ ತರಬೇಡಿ, ಅದರ ಆವಿ ಗುಮ್ಮಟಕ್ಕೂ ಗಾಜಿಗೂ ಬಿಳಿ ಪೊರೆ ಹಿಡಿಸುತ್ತದೆ. ರಿಫ್ಲೆಕ್ಟರ್ ಕೂಡ ಲೋಹವೇ. ಅದರ ಅಂಚು ಬೆಸುಗೆಗೆ ತಾಗಿದರೆ ಶಾರ್ಟ್. ನಡುವೆ ಕಾಗದದಂಥ ಒಂದು ಬಳೆ ಬಂದಿರುತ್ತದೆ, ಕಳೆಯಬೇಡಿ.

ಡ್ರೈವರಿನ ವಿಷಯ ಚುಟುಕಾಗಿ. 7135 ಅಂತ ಬರೆದ ಚಿಪ್ಪುಗಳಿರುವ ಡ್ರೈವರ್ ಸಿಕ್ಕಿದರೆ ಒಳ್ಳೆಯದು. ಒಂದು ಚಿಪ್ ಅಂದರೆ 350 ಮಿಲಿ ಆಂಪಿಯರ್. ನಾಲ್ಕು ಇದ್ದರೆ 1.4, ಆರು ಇದ್ದರೆ 2.1 ಆಂಪಿಯರ್. ಅಂಗೈಯಗಲದ ಬೇಟ್ರಿಗೆ ನನ್ನ ಪ್ರಕಾರ ಆರು ಧಾರಾಳ. ಸೆಲ್ಲಿನ ತೆಳು ಸ್ಪ್ರಿಂಗಿಗೆ ತುದಿಯಿಂದ ಬುಡಕ್ಕೆ ಒಂದು ಮೆತ್ತಗಿನ ತಾಮ್ರದ ತಂತಿ ಬೆಸೆದರೆ ಕರೆಂಟಿಗೂ ದಾರಿ ಸಲೀಸು.

ಸೆಲ್ಲು ಮಾತ್ರ ನಂಬಿಕೆಯ ಕಡೆಯಿಂದ ತನ್ನಿ. ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ 9900 ಎಂಎಎಚ್ ಅಂತ ಬರೆದಿದ್ದರೆ ಸುಳ್ಳು. ಒಳ್ಳೆಯ 18650 ಸೆಲ್ಲಿನಲ್ಲೂ 3500ರ ಆಸುಪಾಸು ಅಷ್ಟೆ. ತಕ್ಕಡಿಯಲ್ಲಿಡಿ, ನಿಜವಾದದ್ದು 45 ಗ್ರಾಂ ಸುತ್ತಮುತ್ತ ತೂಗುತ್ತದೆ. ಮೇಲಿನ ಸಿಪ್ಪೆ ಹರಿದದ್ದನ್ನು, ಉಬ್ಬಿದ್ದನ್ನು ಬಳಸಲೇಬೇಡಿ.

ಪರೀಕ್ಷೆ

ಕತ್ತಲ ಕೋಣೆಯಲ್ಲಿ ಬೇಟ್ರಿಯನ್ನು ಮಾಡಿನತ್ತ ಮುಖಮಾಡಿ ನಿಲ್ಲಿಸಿ. ಪಕ್ಕದಲ್ಲಿ ಬೆಳಕು ಅಳೆಯುವ ಆ್ಯಪ್ ಇರುವ ಮೊಬೈಲ್. ಹಚ್ಚಿದ ಕೂಡಲೇ, ಅರ್ಧ ನಿಮಿಷಕ್ಕೆ, ಐದು ನಿಮಿಷಕ್ಕೆ ಅಂಕ ಬರೆಯಿರಿ. ಸ್ವಲ್ಪ ಇಳಿಯುವುದು ಸಹಜ. ಅರ್ಧಕ್ಕೆ ಇಳಿದರೆ ಮತ್ತೆ ಬಿಚ್ಚಿ. ಅದಕ್ಕಿಂತ ಮುಖ್ಯ ಕೈಯ ಪರೀಕ್ಷೆ. ಒಂದೆರಡು ನಿಮಿಷದಲ್ಲಿ ತಲೆ ಬೆಚ್ಚಗಾಗಬೇಕು. ಬಿಸಿಯಾಯಿತು ಅಂತ ಹೆದರುವವರೇ ಜಾಸ್ತಿ, ಆದರೆ ಬೆಚ್ಚಗಾದರೆ ಕಣಿ ಹರಿಯುತ್ತಿದೆ ಅಂತ ಅರ್ಥ. ಮೈ ತಣ್ಣಗಿದ್ದು ಬೆಳಕು ಮಂಕಾದರೆ ಕೂಡಲೇ ಆರಿಸಿ. ಹಿಡಿಯಲಾಗದಷ್ಟು ಸುಟ್ಟರೆ ಒಂದು ಚಿಪ್ ತೆಗೆದು ಕರೆಂಟು ಇಳಿಸಿ.

ನಮ್ಮ ಮಳೆಗೆ ಇನ್ನೊಂದು ಕೆಲಸ ಬಾಕಿ. ರಬ್ಬರ್ ಬಳೆಗಳಿಗೂ ಹಿಂದಿನ ಮುಚ್ಚಳದ ಥ್ರೆಡ್ಡಿಗೂ ಸಿಲಿಕೋನ್ ಗ್ರೀಸ್ ಸವರಿ. ತೆಂಗಿನೆಣ್ಣೆ ಬೇಡ.

ಸುರಂಗಕ್ಕೆ ಇಳಿಯುವವರಿಗೆ ಒಂದು ಮಾತು. ನಮ್ಮ ಗುಡ್ಡೆಗಳಲ್ಲಿ ನೀರಿಗಾಗಿ ಮುರಕಲ್ಲು ಕೊರೆದ ಸುರಂಗಗಳಿಗೆ ಹೋಗುವಾಗ ಹಿರಿಯರು ಮೇಣದ ಬತ್ತಿ ಹಿಡಿಯುತ್ತಿದ್ದದ್ದು ಬೆಳಕಿಗೆ ಮಾತ್ರ ಅಲ್ಲ. ಬತ್ತಿ ಮಂಕಾದರೆ ಒಳಗೆ ಗಾಳಿ ಸಾಲದು ಅಂತ ಹೊರಗೆ ಬರುತ್ತಿದ್ದರು. ಎಲ್‌ಇಡಿಗೆ ಗಾಳಿ ಬೇಡ. ಅದು ಏನೂ ಆಗದ ಹಾಗೆ ಉರಿಯುತ್ತಲೇ ಇರುತ್ತದೆ. ಹೊಸ ಬೇಟ್ರಿ ಎಷ್ಟೇ ಚೆನ್ನಾಗಿರಲಿ, ಸುರಂಗದೊಳಗೆ ಇನ್ನೊಂದು ಕೈಯಲ್ಲಿ ಮೇಣದ ಬತ್ತಿ ಇರಲಿ.